ಮಧ್ಯಾಹ್ನಕ್ಕೇ ಮುಗಿಯುತ್ತಿದ್ದ ಬ್ಯಾಟರಿ: ಕಾಕ್ಲಿಯರ್ ಇಂಪ್ಲಾಂಟ್ ಚಾರ್ಜರ್ ಬದಲಿಸಿದ ಒಂದು ಪ್ರಕರಣ

ಇದು ಬಾಗಲಕೋಟೆ ಜಿಲ್ಲೆಯ ಕೃಷ್ಣಾ ದಂಡೆಯ ಒಂದು ಊರಿನ ಪ್ರಕರಣ. ಊರಿನ ಹೆಸರು, ಮಗುವಿನ ಹೆಸರು, ಯಂತ್ರದ ಕಂಪನಿ ಮೂರನ್ನೂ ಬಿಟ್ಟಿದ್ದೇನೆ. ಮನೆಯವರ ಗುರುತು ಹತ್ತಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಹುಡುಗಿಯನ್ನು ಇಲ್ಲಿ ‘ಸ’ ಎನ್ನೋಣ. ಕಿವಿ ಕೇಳಿಸದವರಿಗೆ ಶಸ್ತ್ರಚಿಕಿತ್ಸೆ ಮಾಡಿ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್ ಎಂಬ ಯಂತ್ರವನ್ನು ಯಾವ ವಯಸ್ಸಿಗೆ ಹಾಕಿಸಬೇಕು, ಎಲ್ಲಿ ಹಾಕಿಸಬೇಕು, ಯಾವ ಯೋಜನೆಗೆ ಅರ್ಜಿ ಕೊಡಬೇಕು ಎಂದು ಹೇಳುವವರು ಈಗ ಸಾಕಷ್ಟು ಜನ ಸಿಗುತ್ತಾರೆ. ಹಾಕಿಸಿ ಆರೇಳು ವರ್ಷವಾದ ಮೇಲೆ ಚಾರ್ಜರ್ ಕೈಕೊಟ್ಟರೆ ಏನು ಮಾಡಬೇಕು ಎಂಬ ಪ್ರಶ್ನೆ ಬಂದಾಗ ಮಾತ್ರ ಎಲ್ಲರೂ ಕಂಪನಿಯ ಫೋನ್ ನಂಬರ್ ಕೊಟ್ಟು ಸುಮ್ಮನಾಗುತ್ತಾರೆ. ವಾಕ್-ಶ್ರವಣ ಚಿಕಿತ್ಸೆಯ ಕೆಲಸದಲ್ಲಿರುವ ನಾನು ಈ ಮನೆಯವರ ಜೊತೆ ಮೊದಲಿಂದ ಇದ್ದೆ. ಹಾಗಾಗಿ ನಡೆದದ್ದನ್ನು ಕ್ರಮವಾಗಿ ಬರೆದಿಡುತ್ತಿದ್ದೇನೆ.

ಹಿನ್ನೆಲೆ

ಸ ಹುಟ್ಟಿನಿಂದಲೇ ಕೇಳದ ಮಗು. ಮೂರು ವರ್ಷ ತುಂಬಿದ ಮೇಲೆ ಅಂಗವಿಕಲರಿಗೆ ಸಾಧನ ಕೊಡಿಸುವ ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಲ್ಲಿ ಬಲಗಿವಿಗೆ ಇಂಪ್ಲಾಂಟ್ ಆಯಿತು. 2014ರಲ್ಲಿ ಪರಿಷ್ಕರಿಸಿದ ಆ ಯೋಜನೆ ಒಂದು ಇಂಪ್ಲಾಂಟ್‌ಗೆ 6 ಲಕ್ಷ ರೂಪಾಯಿವರೆಗೆ ಕೊಡುತ್ತಿತ್ತು. ಕಬ್ಬು ಬೆಳೆಯುವ ಸಣ್ಣ ರೈತರ ಮನೆಗೆ ಬೇರೆ ದಾರಿಯೂ ಇರಲಿಲ್ಲ. ಆಮೇಲಿನ ಮಾತಿನ ತರಬೇತಿಗೆ ತಾಯಿ ಮಗುವನ್ನು ಕಟ್ಟಿಕೊಂಡು ಬಸ್ಸಿನಲ್ಲಿ ಓಡಾಡಿದ್ದು ಬೇರೆಯೇ ಕಥೆ. ಈ ಪ್ರಕರಣ ನಡೆದಾಗ ಸ ತನ್ನೂರಿನ ಸರ್ಕಾರಿ ಕನ್ನಡ ಶಾಲೆಯಲ್ಲಿ ನಾಲ್ಕನೇ ತರಗತಿ ಓದುತ್ತಿದ್ದಳು. ಮಾತು ಸ್ಪಷ್ಟವಿತ್ತು. ಗಣಿತದಲ್ಲಿ ತರಗತಿಗೇ ಮುಂದಿದ್ದಳು.

ಯಂತ್ರದ ಬಗ್ಗೆ ಒಂದು ವಿಷಯ ಗೊತ್ತಿಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಶಸ್ತ್ರಚಿಕಿತ್ಸೆ ಮಾಡಿ ಒಳಗೆ ಕೂರಿಸುವ ಭಾಗದಲ್ಲಿ ಬ್ಯಾಟರಿ ಇರುವುದಿಲ್ಲ. ಕಿವಿಯ ಹಿಂದೆ ತೊಡುವ ಪ್ರೊಸೆಸರ್ ಧ್ವನಿಯನ್ನು ಹಿಡಿದು ಸಂಕೇತವಾಗಿ ಮಾರ್ಪಡಿಸುತ್ತದೆ. ಅದರ ವೈರಿನ ತುದಿಗಿರುವ ಕಾಯಿಲ್ ಅಯಸ್ಕಾಂತದ ಬಲದಿಂದ ತಲೆಗೆ ಅಂಟಿಕೊಂಡು ಆ ಸಂಕೇತವನ್ನೂ ಒಳಗಿನ ಭಾಗಕ್ಕೆ ಬೇಕಾದ ಶಕ್ತಿಯನ್ನೂ ರೇಡಿಯೋ ತರಂಗದ ಮೂಲಕ ಚರ್ಮದಾಚೆ ದಾಟಿಸುತ್ತದೆ. ಹೊರಗಿನ ಬ್ಯಾಟರಿ ಮುಗಿಯಿತೆಂದರೆ ಒಳಗಿನದೂ ನಿಂತಿತು. ಕಿವಿ ಮಂದವಾದವರಿಗೆ ಶ್ರವಣ ಸಾಧನ ತೆಗೆದರೂ ಒಂದಿಷ್ಟು ಸದ್ದು ಕೇಳಿಸಬಹುದು. ‘ಸ’ಗೆ ಬ್ಯಾಟರಿ ನಿಂತ ಗಳಿಗೆಯಿಂದ ಏನೂ ಇಲ್ಲ, ಪೂರ್ತಿ ನಿಶ್ಶಬ್ದ.

ಅವಳ ಪ್ರೊಸೆಸರ್ ಜೊತೆ ಮತ್ತೆ ಮತ್ತೆ ಚಾರ್ಜ್ ಮಾಡುವ ಎರಡು ಲಿಥಿಯಂ-ಅಯಾನ್ ಬ್ಯಾಟರಿ, ಎರಡು ಗೂಡಿನ ಒಂದು ಚಾರ್ಜರ್ ಬಂದಿದ್ದವು. ಒಂದನ್ನು ತೊಟ್ಟಾಗ ಇನ್ನೊಂದು ಚಾರ್ಜ್‌ಗೆ. ವರ್ಷಗಟ್ಟಲೆ ಇದು ತೊಂದರೆಯಿಲ್ಲದೆ ನಡೆದಿತ್ತು.

ಮನೆಯ ಬಗ್ಗೆಯೂ ಒಂದು ಮಾತು. ಇವರದು ಊರೊಳಗಿನ ಮನೆಯಲ್ಲ, ತೋಟದ ಮನೆ. ನಿರಂತರ ಜ್ಯೋತಿ ಎಂಬ ವಿದ್ಯುತ್ ಯೋಜನೆ ಬಂದ ಮೇಲೆ ಊರೊಳಗಿನ ಮನೆಗಳಿಗೆ ಬೇರೆ ಫೀಡರ್, ಎಂದರೆ ಬೇರೆ ಕರೆಂಟ್ ಲೈನ್ ಆಗಿದೆ. ತೋಟದ ಮನೆಗಳು ಇನ್ನೂ ಪಂಪ್‌ಸೆಟ್ ಲೈನಿನ ಮೇಲೇ ಇವೆ. ತ್ರೀ ಫೇಸ್ ದಿನಕ್ಕೆ ಏಳು ತಾಸು, ಅದೂ ಪಾಳಿಯ ಪ್ರಕಾರ ಒಂದು ವಾರ ಹಗಲು, ಇನ್ನೊಂದು ವಾರ ರಾತ್ರಿ. ಸಂಜೆಯ ನಂತರ ದೀಪಕ್ಕೆಂದು ಸಿಂಗಲ್ ಫೇಸ್ ಬಿಡುತ್ತಾರೆ. ಅದರ ಮೇಲೇ ಕಂಡೆನ್ಸರ್ ಹಚ್ಚಿ ಮೋಟಾರ್ ಎಬ್ಬಿಸುವವರು ಎಲ್ಲ ಕಡೆ ಇದ್ದಾರೆ. ಆಗ ಬಲ್ಬು ಕಂದೀಲಿನಷ್ಟು ಮಂಕಾಗುತ್ತದೆ, ಮೋಟಾರ್ ನಿಂತಾಗ ಜಗ್ಗನೆ ಏರುತ್ತದೆ. ಬಾಗಲಕೋಟೆ, ಬೆಳಗಾವಿ ಕಡೆಯ ತೋಟದಲ್ಲಿ ಇದ್ದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ತೊಂದರೆ ಕಂಡ ಬಗೆ

ಮೊದಲು ದೂರು ಬಂದದ್ದು ಶಾಲೆಯಿಂದ, ಅದೂ ನಡತೆಯ ಬಗ್ಗೆ. ಊಟದ ಬಿಡುವಿನ ನಂತರ ಸ ಪಾಠದ ಕಡೆ ಲಕ್ಷ್ಯ ಕೊಡುವುದಿಲ್ಲ, ಕೇಳಿದ್ದಕ್ಕೆಲ್ಲ ಸುಮ್ಮನೆ ತಲೆಯಾಡಿಸುತ್ತಾಳೆ, ಹಟ ಬೆಳೆದಿದೆ ಎಂದು ತರಗತಿಯ ಶಿಕ್ಷಕಿ ತಾಯಿಗೆ ಹೇಳಿಕಳಿಸಿದ್ದರು. ತಾಯಿ ನನಗೆ ಫೋನ್ ಮಾಡಿದರು. “ಮನ್ಯಾಗ ಮುಂಜಾನೆ ಎಲ್ಲಾ ಚಂದ ಮಾತಾಡ್ತಾಳ್ರಿ ಅಕ್ಕೋರ. ಸಾಲಿಗೆ ಹೋದ್ಮ್ಯಾಲ ಏನ್ ಆಗ್ತೈತೋ.”

ಶಿಕ್ಷಕಿ ಮಾಡಿದ ಒಂದು ಕೆಲಸ ಇಲ್ಲಿ ಬಹಳ ಉಪಯೋಗಕ್ಕೆ ಬಂತು. ಬಾಯಿಗೆ ಕೈ ಅಡ್ಡ ಹಿಡಿದು ಆ, ಈ, ಊ, ಮ್, ಸ್, ಶ್ ಎಂಬ ಆರು ಧ್ವನಿಗಳನ್ನು ಹೇಳಿ ಮಗು ಮರಳಿ ಹೇಳುತ್ತದೆಯೇ ನೋಡುವ ಲಿಂಗ್ ಪರೀಕ್ಷೆಯನ್ನು ಅವರಿಗೆ ಹಿಂದೆಯೇ ಕಲಿಸಿದ್ದೆವು. ಅವರು ಅದನ್ನು ದಿನಾ ಬೆಳಿಗ್ಗೆ ಪ್ರಾರ್ಥನೆ ಮುಗಿದ ಕೂಡಲೇ ಮಾಡುತ್ತಿದ್ದರು, ಸ ಆರಕ್ಕೆ ಆರೂ ಹೇಳುತ್ತಿದ್ದಳು. ಊಟದ ಮೇಲೂ ಒಮ್ಮೆ ಮಾಡಿ ನೋಡಿ ಎಂದು ಕೇಳಿಕೊಂಡೆ. ಮಾಡಿದರು. ಆರರಲ್ಲಿ ಒಂದೂ ಇಲ್ಲ. ಪ್ರೊಸೆಸರ್ ಸತ್ತು ಕೂತಿತ್ತು, ಮಗು ತುಟಿ ನೋಡಿ ತಲೆಯಾಡಿಸುತ್ತಿತ್ತು.

ಬ್ಯಾಟರಿ ಮುಗಿದದ್ದನ್ನು ಅವಳೇ ಏಕೆ ಹೇಳಲಿಲ್ಲ? ಇದನ್ನು ನಾನು ತೀರಾ ಸಾವಕಾಶ ಕೇಳಿದೆ. ಹಿಂದೊಮ್ಮೆ ಬ್ಯಾಟರಿ ಕೆಳಗೆ ಬಿದ್ದಾಗ ಅಪ್ಪ ಬೈದಿದ್ದನಂತೆ. ಮಧ್ಯಾಹ್ನ ಯಂತ್ರ ನಿಲ್ಲುವುದಕ್ಕೆ ತಾನೇ ಕಾರಣ ಎಂದು ಅವಳು ತಿಳಿದುಕೊಂಡಿದ್ದಳು. ಒಂಬತ್ತು-ಹತ್ತು ವರ್ಷದ ಮಕ್ಕಳಲ್ಲಿ ಇದು ಅಪರೂಪವೇನಲ್ಲ. ಕೇಳಿಸದಿದ್ದಾಗ ಕೇಳಿಸಿದಂತೆ ನಟಿಸುವುದನ್ನು ಆ ವಯಸ್ಸಿಗೆ ಚೆನ್ನಾಗಿ ಕಲಿತಿರುತ್ತಾರೆ.

ಮೊದಲ ತೀರ್ಮಾನ: ದುರಸ್ತಿಗೆ ಮುಂಚೆ ಕಿವಿ

ಚಾರ್ಜರ್‌ನ ಎಡಗಡೆಯ ಗೂಡಿನ ದೀಪ ಹತ್ತುತ್ತಲೇ ಇರಲಿಲ್ಲ, ಬಲಗಡೆಯದು ಮಿಣಕ್ ಮಿಣಕ್ ಎನ್ನುತ್ತಿತ್ತು. ತಂದೆ ಅದನ್ನು ಕಿಸೆಯಲ್ಲಿಟ್ಟುಕೊಂಡು ತಾಲ್ಲೂಕಿನ ಮೊಬೈಲ್ ಅಂಗಡಿಗೆ ಹೊರಡುವುದರಲ್ಲಿದ್ದರು. ಅದಕ್ಕಿಂತ ಮುಂಚೆ ಒಂದು ಕೆಲಸ ಮಾಡೋಣ ಎಂದೆ. ಕಂಪನಿಯಿಂದ ಹೊಸ ಚಾರ್ಜರ್ ಬರಲು ವಾರಗಳೇ ಹಿಡಿಯಬಹುದು. ಅಷ್ಟು ದಿನ ಮಗು ಅರ್ಧ ದಿನ ಕಿವುಡಾಗಿ ಕೂರುವುದು ಸರಿಯಲ್ಲ.

ಇಂಪ್ಲಾಂಟ್ ಮಾಡಿದಾಗ ಕೊಡುವ ಸೂಟ್‌ಕೇಸಿನಂಥ ಕಿಟ್ಟನ್ನು ಹೆಚ್ಚಿನ ಮನೆಗಳಲ್ಲಿ ಟ್ರಂಕಿನಲ್ಲಿ ಇಟ್ಟು ಮರೆತಿರುತ್ತಾರೆ. ಇಲ್ಲೂ ಹಾಗೇ. ತಾಯಿ ಅದನ್ನು ತೆಗೆದಾಗ ಒಳಗೆ ಪ್ಲಾಸ್ಟಿಕ್ ಚೀಲ ಕೂಡ ಹರಿಯದೆ ಇನ್ನೊಂದು ಬ್ಯಾಟರಿ ಹೋಲ್ಡರ್ ಇತ್ತು. ಬಳಸಿ ಬಿಸಾಡುವ ಬ್ಯಾಟರಿಗಳಿಗೆಂದು ಮಾಡಿದ್ದು ಅದು. 675 ಗಾತ್ರದ ಎರಡು ಜಿಂಕ್-ಏರ್ ಬಟನ್ ಬ್ಯಾಟರಿ ಅದರಲ್ಲಿ ಕೂರುತ್ತವೆ. ಮುಚ್ಚಳದಲ್ಲಿ ಸಣ್ಣ ತೂತುಗಳಿರುತ್ತವೆ, ಏಕೆಂದರೆ ಈ ಬ್ಯಾಟರಿ ಗಾಳಿಯಲ್ಲಿನ ಆಮ್ಲಜನಕದಿಂದಲೇ ಕೆಲಸ ಮಾಡುತ್ತದೆ. ಮೇಲಿನ ಸ್ಟಿಕರ್ ಕಿತ್ತು ಕೆಲವು ನಿಮಿಷ ಹಾಗೇ ಬಿಟ್ಟು ಆಮೇಲೆ ಹಾಕಬೇಕು.

ತಂದೆ ತಾಲ್ಲೂಕಿನ ಔಷಧಿ ಅಂಗಡಿಯಿಂದ 675 ಎಂದೇ ಬರೆದಿದ್ದ ಪಟ್ಟಿ ತಂದರು. ಹಾಕಿದರೆ ಪ್ರೊಸೆಸರ್ ಚಾಲೂ ಆಯಿತು, ಸ್ವಲ್ಪ ಹೊತ್ತಿಗೆ ನಿಂತಿತು. ಮನೆಯವರಿಗೆ ಆಗಲೇ ಯಂತ್ರವೇ ಹೋಗಿದೆ ಎಂಬ ಭಯ ಹತ್ತಿದ್ದು. ಕಾರಣ ಸರಳ. ಅದು ಶ್ರವಣ ಸಾಧನದ ಬ್ಯಾಟರಿ. ಇಂಪ್ಲಾಂಟ್‌ಗೆ ಚರ್ಮದಾಚೆಗೂ ಶಕ್ತಿ ಕಳಿಸಬೇಕಿರುವುದರಿಂದ ಒಮ್ಮೆಲೇ ಹೆಚ್ಚು ಕರೆಂಟ್ ಕೊಡುವ, ಇಂಪ್ಲಾಂಟ್‌ಗೆಂದೇ ಮಾಡಿದ 675 ಬೇಕು. ಅಳತೆ ಅದೇ, ನೋಡಲಿಕ್ಕೂ ಅದೇ, ಒಳಗಿನ ತಾಕತ್ತು ಬೇರೆ. ಬೆಳಗಾವಿಯಿಂದ ಅದನ್ನು ತರಿಸಿದ ಮೇಲೆ ಸ ಮತ್ತೆ ಇಡೀ ದಿನ ಕೇಳತೊಡಗಿದಳು. ಮನೆಯಲ್ಲಿ ಎರಡು ವರ್ಷದ ತಮ್ಮನಿದ್ದ. ಬಳಸಿದ ಬಟನ್ ಬ್ಯಾಟರಿ ಮಗು ನುಂಗಿದರೆ ಅನ್ನನಾಳವೇ ಸುಡಬಹುದು. ಹಾಗಾಗಿ ಹಳೆಯವನ್ನು ಮುಚ್ಚಳ ಗಟ್ಟಿಯಿರುವ ಡಬ್ಬಿಗೆ ಹಾಕಿ ಗೋಡೆಯ ಮಾಡದ ಮೇಲೆ ಇಡಬೇಕೆಂದು ಎರಡೆರಡು ಸಲ ಹೇಳಿದೆ.

ಖರ್ಚು ಇದರಲ್ಲಿ ಹೆಚ್ಚು, ಒಂದು ಜೋಡಿ ಒಂದೆರಡು ದಿನಕ್ಕೇ ಮುಗಿಯುತ್ತದೆ. ವರ್ಷವಿಡೀ ನಡೆಸುವ ದಾರಿಯಲ್ಲ ಇದು. ಆದರೆ ಇದರಿಂದ ನಮಗೆ ಅವಸರವಿಲ್ಲದೆ ಯೋಚಿಸುವಷ್ಟು ದಿನ ಸಿಕ್ಕವು, ಮುಂದಿನ ಒಳ್ಳೆಯ ತೀರ್ಮಾನಗಳೆಲ್ಲ ಆ ಬಿಡುವಿನಲ್ಲೇ ಆದದ್ದು.

ಮೊಬೈಲ್ ಅಂಗಡಿ

ಅಂಗಡಿಯ ಹುಡುಗ ಜಾಣ. ಚಾರ್ಜರ್ ಬಿಚ್ಚಿ ನೋಡಿ, “ಬೋರ್ಡ್ ಹೋಗೈತ್ರಿ ಕಾಕಾ, ಬ್ಯಾಟ್ರಿಗೆ ಡೈರೆಕ್ಟ್ ವೈರ್ ಹಚ್ಚಿ ಕೊಡ್ತೀನಿ” ಎಂದ. ಎರಡು ಪಿನ್ನಿನ ಯೂನಿವರ್ಸಲ್ ಚಾರ್ಜರಿನಲ್ಲಿ ಹಿಡಿಸಿ ಚಾರ್ಜ್ ಮಾಡುವ ಯೋಚನೆಯೂ ಅವನಿಗಿತ್ತು. ಖರ್ಚು ನೂರಿನ್ನೂರು ರೂಪಾಯಿ. ತಂದೆ ಅಂಗಡಿಯಿಂದಲೇ ಫೋನ್ ಮಾಡಿ ಮಾಡಿಸಲೇ ಎಂದು ಕೇಳಿದರು.

ಬೇಡ ಎಂದೆವು. ಲಿಥಿಯಂ-ಅಯಾನ್ ಬ್ಯಾಟರಿಯನ್ನು 4.2 ವೋಲ್ಟ್ ಮುಟ್ಟುತ್ತಿದ್ದಂತೆ ಹಿಡಿದು ನಿಲ್ಲಿಸಬೇಕು, ಕರೆಂಟನ್ನು ಹಂತಹಂತವಾಗಿ ಇಳಿಸಬೇಕು. ಫೋನಿನ ದೊಡ್ಡ ಬ್ಯಾಟರಿಗೆಂದು ಮಾಡಿದ ಚಾರ್ಜರ್ ಬೆರಳ ತುದಿಯಷ್ಟಿರುವ ಈ ಬ್ಯಾಟರಿಗೆ ತಳ್ಳುವ ಕರೆಂಟು ಹೆಚ್ಚಾದರೆ ಅದು ಕಾಯುತ್ತದೆ, ಉಬ್ಬುತ್ತದೆ. ಅದೇ ಬ್ಯಾಟರಿ ದಿನಕ್ಕೆ ಹನ್ನೆರಡು ತಾಸು ಮಗುವಿನ ಕಿವಿಯ ಹಿಂದೆ ಇರುವಂಥದ್ದು.

ಆದರೆ ಅದೇ ಹುಡುಗ ಇನ್ನೊಂದು ಉಪಕಾರ ಮಾಡಿದ. ಮೀಟರ್ ಹಚ್ಚಿ ಅಡಾಪ್ಟರ್ ನೋಡಿದ. 5 ವೋಲ್ಟ್ ಕೊಡಬೇಕಾದದ್ದು ಲೋಡ್ ಬಿದ್ದ ಕೂಡಲೇ 4ರ ಹತ್ತಿರಕ್ಕೆ ಇಳಿಯುತ್ತಿತ್ತು. ತಂದೆಗೆ ಆಗ ನೆನಪಾಯಿತು. ಕಂಪನಿ ಕೊಟ್ಟಿದ್ದ ಅಡಾಪ್ಟರ್ ಹಿಂದಿನ ಮಳೆಗಾಲದಲ್ಲಿ ಸುಟ್ಟಿತ್ತು, ಇದು ಸಂತೆಯಲ್ಲಿ ತಂದದ್ದು. ಒಳ್ಳೆಯ ಅಡಾಪ್ಟರ್ ಹಚ್ಚಿದಾಗ ಎಡಗೂಡು ಹಾಗೇ ಸತ್ತಿತ್ತು, ಬಲಗೂಡಿನ ದೀಪ ಅರ್ಧ ತಾಸು ನೆಟ್ಟಗಿದ್ದು ಮತ್ತೆ ಮಿನುಗತೊಡಗಿತು. ಬ್ಯಾಟರಿ ಅದಲುಬದಲು ಮಾಡಿದರೂ ಅಷ್ಟೇ. ಎಂದರೆ ಅಡಾಪ್ಟರೂ ಕೆಟ್ಟಿತ್ತು, ಚಾರ್ಜರೂ ಕೆಟ್ಟಿತ್ತು.

ಎರಡು ಚುಕ್ಕೆ, ಒಂದು ಚುಕ್ಕೆ

ಕಂಪನಿಯವರ ಸಲಹೆ ಹೊಸ ಚಾರ್ಜರ್ ಮತ್ತು ಎರಡೂ ಬ್ಯಾಟರಿ ಒಟ್ಟಿಗೆ ಕೊಳ್ಳಿ ಎಂದು. ವಾರಂಟಿ ಯಾವಾಗಲೋ ಮುಗಿದಿತ್ತು. ಹೇಳಿದ ಮೊತ್ತ ಹಲವು ಟನ್ ಕಬ್ಬಿನ ದುಡ್ಡು. ಕಾರ್ಖಾನೆಯ ಬಿಲ್ಲೂ ಬಂದಿರಲಿಲ್ಲ. ತಾಯಿಯ ವಾದ ಬೇರೆ: “ಬ್ಯಾಟ್ರಿ ಮಧ್ಯಾಹ್ನಕ್ಕ ಮುಗೀತೈತಿ ಅಂದ್ರ ಬ್ಯಾಟ್ರಿನ ಹೋಗಿರಬೇಕಲ್ರಿ. ಚಾರ್ಜರ್ ತಗೊಂಡು ಏನ್ ಮಾಡೂದು?” ಬರೀ ಬ್ಯಾಟರಿ ಕೊಂಡಿದ್ದರೆ ಅವೂ ಅರ್ಧ ಚಾರ್ಜಿನಲ್ಲೇ ಉಳಿಯುತ್ತಿದ್ದವು. ಬರೀ ಚಾರ್ಜರ್ ಕೊಂಡಿದ್ದರೆ ಹಳೆ ಬ್ಯಾಟರಿಯ ದೋಷವನ್ನು ಹೊಸ ಚಾರ್ಜರಿನ ಮೇಲೆ ಹಾಕುತ್ತಿದ್ದೆವು.

ಇದಕ್ಕೆ ಮುಂಚೆ ಇನ್ನೊಂದು ಯತ್ನವೂ ಆಗಿತ್ತು. ವಿಜಯಪುರದ ಒಂದು ಕುಟುಂಬ ತಮ್ಮ ಮಗನಿಗೆ ಹೊಸ ಪ್ರೊಸೆಸರ್ ಹಾಕಿಸಿದ್ದರಿಂದ ಹಳೆಯ ಚಾರ್ಜರ್ ಸುಮ್ಮನೆ ಬಿದ್ದಿತ್ತು, ಪುಗಸಟ್ಟೆ ಕೊಟ್ಟರು. ಕಂಪನಿ ಒಂದೇ, ಮಾದರಿ ಮುಂದಿನದು. ಬ್ಯಾಟರಿ ಒಳಗೆ ಕೂತಿತು, ದೀಪ ಹತ್ತಲಿಲ್ಲ. ಭಾರತದಲ್ಲಿ ಹೆಚ್ಚು ಬಳಕೆಯಲ್ಲಿರುವ ಕಾಕ್ಲಿಯರ್, ಮೆಡ್-ಎಲ್, ಅಡ್ವಾನ್ಸ್ಡ್ ಬಯೋನಿಕ್ಸ್ ಎಂಬ ಕಂಪನಿಗಳಲ್ಲಿ ಒಂದರ ಚಾರ್ಜರ್ ಇನ್ನೊಂದಕ್ಕೆ ಆಗುವುದಿಲ್ಲ ಎಂಬುದು ಪಾಲಕರಿಗೆ ಗೊತ್ತಿರುತ್ತದೆ. ಒಂದೇ ಕಂಪನಿಯೊಳಗೂ ಮಾದರಿ ನೋಡಿಯೇ ತರಬೇಕು. ದಾನ ತೆಗೆದುಕೊಳ್ಳುವ ಮುಂಚೆ ಎರಡೂ ಚಾರ್ಜರಿನ ಅಡಿಯ ಚೀಟಿಯ ಫೋಟೋ ತರಿಸಿಕೊಂಡರೆ ಬಸ್ ಚಾರ್ಜು ಉಳಿಯುತ್ತದೆ.

ಬೆಳಗಾವಿಯ ಒಬ್ಬ ಶ್ರವಣ ತಜ್ಞರ ಹತ್ತಿರ ಅದೇ ಮಾದರಿಯ ಸುಸ್ಥಿತಿಯ ಚಾರ್ಜರ್ ಇತ್ತು. ಎರಡೂ ಬ್ಯಾಟರಿಯನ್ನು ಒಂದು ರಾತ್ರಿ ಇಟ್ಟುಕೊಂಡು ಚಾರ್ಜ್ ಮಾಡಿಕೊಡಲು ಒಪ್ಪಿದರು. ಬ್ಯಾಟರಿಗಳು ಒಂದೇ ಥರ ಕಾಣುತ್ತವೆ, ಯಾವುದು ಯಾವುದೆಂದು ತಿಳಿಯಬೇಕಲ್ಲ? ತಾಯಿ ಕೆಂಪು ನೇಲ್ ಪಾಲಿಶ್ ತೆಗೆದು ಒಂದಕ್ಕೆ ಒಂದು ಚುಕ್ಕೆ, ಇನ್ನೊಂದಕ್ಕೆ ಎರಡು ಚುಕ್ಕೆ ಇಟ್ಟರು. ಲೋಹದ ತುದಿಗೆ ತಾಗದಂತೆ, ಬೆನ್ನಿನ ಮೇಲೆ. ಇಡುವಾಗ ತುದಿಗಳ ಮೇಲೆ ಜಿಡ್ಡು ಹಿಡಿದಿದ್ದು ಕಂಡಿತು, ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯದು. ಒಣ ಬಟ್ಟೆಯಿಂದ ಒರೆಸಿ ಕಳಿಸಿದೆವು.

ಮರಳಿ ಬಂದ ಮೇಲೆ ಒಂದೊಂದು ದಿನ ಒಂದೊಂದನ್ನು ಹಾಕಿ ನಿಂತ ಹೊತ್ತನ್ನು ಕ್ಯಾಲೆಂಡರಿನಲ್ಲಿ ಬರೆದರು. ಒಂದು ಚುಕ್ಕೆಯದು ಬೆಳಿಗ್ಗೆ ಎಂಟಕ್ಕೆ ಹಾಕಿದರೆ ಸಂಜೆ ಏಳರವರೆಗೆ ನಡೆಯಿತು. ಎರಡು ಚುಕ್ಕೆಯದು ಹನ್ನೊಂದೂವರೆಗೇ ನಿಂತಿತು. ಹೀಗೆ ಒಂದು ಬ್ಯಾಟರಿ ಚೆನ್ನಾಗಿದೆ, ಒಂದು ಸವೆದಿದೆ, ಚಾರ್ಜರ್ ಪೂರ್ತಿ ಹೋಗಿದೆ ಎಂದು ಖಾತ್ರಿಯಾಯಿತು. ಒಂದು ಚಾರ್ಜರ್, ಒಂದೇ ಬ್ಯಾಟರಿ ಕೊಳ್ಳುವುದೆಂದು ನಿರ್ಧಾರವಾಯಿತು. ನನ್ನ ಲೆಕ್ಕದಲ್ಲಿ ಇಡೀ ಪ್ರಕರಣದ ಮುಖ್ಯ ತಿರುವು ಇದೇ, ಇದಕ್ಕೆ ಬೇಕಾದದ್ದು ನೇಲ್ ಪಾಲಿಶ್ ಮತ್ತು ಕ್ಯಾಲೆಂಡರ್.

ದುಡ್ಡು

ಸ್ಥಳೀಯ ಸಂಸ್ಥೆಗಳು ತಮ್ಮ ನಿಧಿಯಲ್ಲಿ ಶೇಕಡಾ 5ರಷ್ಟನ್ನು ಅಂಗವಿಕಲರಿಗಾಗಿ ತೆಗೆದಿಡಬೇಕು. ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದನ್ನು ನೆನಪಿಸಿ ಅರ್ಜಿ ಬರೆಸಿದರು. ಮೊದಲ ಅರ್ಜಿ ಹಿಂದೆ ಬಂತು. ಯಾರೋ ಫೋನ್ ಚಾರ್ಜರ್ ಕೇಳಿದ್ದಾರೆ ಎಂದು ಅಲ್ಲಿ ತಿಳಿದುಕೊಂಡಿದ್ದರು. ಎರಡನೆಯ ಸಲ ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡಿನ ಪ್ರತಿ, ಶ್ರವಣ ತಜ್ಞರ ಪತ್ರ, ಕಂಪನಿಯ ಕೊಟೇಶನ್ ಜೊತೆಗೆ ಸ ಯಂತ್ರ ತೊಟ್ಟ ಫೋಟೋ ಲಗತ್ತಿಸಿ, ತಾಯಿ ಮಗುವನ್ನೂ ಕರೆದುಕೊಂಡು ಹೋದರು. ಬ್ಯಾಟರಿ ತೆಗೆದಾಗ ಮಗು ಕೂಗಿದರೂ ತಿರುಗದಿರುವುದನ್ನು ಅಲ್ಲಿದ್ದವರೇ ನೋಡಿದರು. ಒಂದು ಪಾಲು ಮಂಜೂರಾಯಿತು, ಉಳಿದದ್ದು ಸಂಘದ ಸಾಲ. ಹೀಗೆ ಮಗುವನ್ನು ನಿಲ್ಲಿಸಿ ತೋರಿಸಬೇಕಾದದ್ದು ನನಗೆ ಹಿಡಿಸಲಿಲ್ಲ. ತಾಯಿಗೆ ಅದರ ಬಗ್ಗೆ ಬೇಸರವಿರಲಿಲ್ಲ, ಕೆಲಸ ಆಯಿತಲ್ಲ ಎಂದರು.

ಹೊಸ ಚಾರ್ಜರ್ ಎಲ್ಲಿಡಬೇಕು?

ಚಾರ್ಜರ್ ಬಂತು, ಎರಡೂ ಗೂಡಿನ ದೀಪ ಹತ್ತಿದವು. ಹೆಚ್ಚಿನವರು ಪ್ರಕರಣ ಇಲ್ಲಿಗೆ ಮುಗಿಯಿತು ಎನ್ನುತ್ತಾರೆ. ಆದರೆ ಹಳೆಯ ಅಡಾಪ್ಟರ್ ಸುಟ್ಟ ಲೈನಿಗೇ ಹೊಸದನ್ನೂ ಹಚ್ಚಿದರೆ ಅದಕ್ಕೂ ಅದೇ ಗತಿ.

ಮೂರು ದಾರಿಗಳಿದ್ದವು. ತೋಟದ ಮನೆಗೆ ಸ್ಟೆಬಿಲೈಸರ್ ಕೂರಿಸುವುದು, ಶಾಲೆಯಲ್ಲಿ ಇಡುವುದು, ಊರೊಳಗಿನ ಆಯಿಯ (ಅಜ್ಜಿಯ) ಮನೆಯಲ್ಲಿ ಇಡುವುದು. ಕರೆಂಟೇ ಇಲ್ಲದ ಹೊತ್ತಿಗೆ ಸ್ಟೆಬಿಲೈಸರ್ ಏನು ಮಾಡೀತು? ಶಾಲೆಗೆ ರಜೆ ಬಂದರೆ ಬೀಗ. ಆಯಿಯ ಮನೆ ಶಾಲೆಯ ದಾರಿಯಲ್ಲೇ ಇತ್ತು, ಲೈನೂ ಗಟ್ಟಿ. ಬೆಳಿಗ್ಗೆ ಹೋಗುವಾಗ ಬಳಸಿದ್ದನ್ನು ಅಲ್ಲಿ ಇಟ್ಟು ತುಂಬಿದ್ದನ್ನು ತೊಟ್ಟುಕೊಂಡು ಹೋಗುವುದೆಂದು ಗೊತ್ತು ಮಾಡಿದರು. ಆಯಿಗೆ ಹಸಿರು ದೀಪ ಬಂದರೆ ಸ್ವಿಚ್ ತೆಗಿ ಎಂದಷ್ಟೇ ಹೇಳಿಕೊಟ್ಟರು.

ಇದು ನಡೆಯಿತು, ಒಂದು ಕೊರತೆ ಉಳಿಯಿತು. ಸಂಜೆಗೆ ಮುಗಿದ ಬ್ಯಾಟರಿ ಮರುದಿನ ಆಯಿಯ ಮನೆ ಮುಟ್ಟುವವರೆಗೂ ಮುಗಿದೇ ಇರುತ್ತದೆ. ರಾತ್ರಿ ಊಟದ ಹೊತ್ತು, ಬೆಳಿಗ್ಗೆ ಜಡೆ ಹಾಕುವ ಹೊತ್ತು ಮಗುವಿಗೆ ಕೇಳಿಸುವುದಿಲ್ಲ. ಮನೆಯ ಮಾತೆಲ್ಲ ನಡೆಯುವುದೇ ಆಗ. ತಂದೆ ಪವರ್ ಬ್ಯಾಂಕ್ ತಂದರು. ಚಾರ್ಜರಿನ ಮೇಲೆ ಇನ್‌ಪುಟ್ 5 ವೋಲ್ಟ್ ಎಂದು ಬರೆದಿತ್ತು, ಪವರ್ ಬ್ಯಾಂಕ್ ಕೊಡುವುದೂ ಅಷ್ಟೇ. ಆದರೂ ಬೆಳಗಾವಿಯವರನ್ನು ಕೇಳಿಯೇ ಶುರು ಮಾಡಿದ್ದು. ಚಾರ್ಜರ್ ಶನಿವಾರ ಸಂಜೆ ತೋಟಕ್ಕೆ ಬಂತು. ರಾತ್ರಿ ಹಚ್ಚಿಟ್ಟರೆ ಬೆಳಿಗ್ಗೆ ಬ್ಯಾಟರಿ ಅರ್ಧವೂ ತುಂಬಿರಲಿಲ್ಲ, ಪವರ್ ಬ್ಯಾಂಕ್ ಮಾತ್ರ ತುಂಬಿದಂತೇ ಇತ್ತು.

ಕಾರಣ ಗೊತ್ತಾಗಲು ಕೆಲವು ದಿನ ಹಿಡಿಯಿತು. ಈ ಸಣ್ಣ ಬ್ಯಾಟರಿ ಎಳೆಯುವ ಕರೆಂಟು ಬಹಳ ಕಡಿಮೆ, ತುಂಬುತ್ತಾ ಬಂದಂತೆ ಇನ್ನೂ ಕಡಿಮೆ. ಇಷ್ಟು ಕಡಿಮೆಯಾದರೆ ಬಹಳಷ್ಟು ಪವರ್ ಬ್ಯಾಂಕುಗಳು ಏನೂ ಹಚ್ಚಿಲ್ಲವೆಂದು ತಿಳಿದು ತಾವಾಗಿಯೇ ಬಂದ್ ಆಗುತ್ತವೆ. ಪರಿಹಾರ ತಂದೆಯದೇ. ಪವರ್ ಬ್ಯಾಂಕಿನ ಇನ್ನೊಂದು ತೂತಿಗೆ ಜಾತ್ರೆಯಲ್ಲಿ ಕೊಂಡ ಯುಎಸ್‌ಬಿ ದೀಪ ಸಿಕ್ಕಿಸಿದರು. ದೀಪ ಉರಿಯುವ ತನಕ ಪವರ್ ಬ್ಯಾಂಕ್ ಎಚ್ಚರವಿರುತ್ತದೆ, ಬ್ಯಾಟರಿ ಪೂರ್ತಿ ತುಂಬುತ್ತದೆ. “ದೀಪಾ ಆರ್‍ತಂದ್ರ ನನಗೂ ಗೊತ್ತಾಕ್ಕೈತ್ರಿ” ಎಂದು ಹೇಳಿದರು. ಆಮೇಲೆ ಚಾರ್ಜರ್ ತೋಟದ ಮನೆಯಲ್ಲೇ ಉಳಿಯಿತು. ಪವರ್ ಬ್ಯಾಂಕ್ ಹಗಲು ಆಯಿಯ ಮನೆಯಲ್ಲಿ ತುಂಬಿ ಸಂಜೆ ಶಾಲೆಯ ಚೀಲದಲ್ಲಿ ಬರುತ್ತದೆ. ಲೈನಿನ ಏರಿಳಿತ ಈಗ ಬಡಿದರೆ ಬಡಿಯುವುದು ಸುಲಭವಾಗಿ ಸಿಗುವ ಪವರ್ ಬ್ಯಾಂಕಿಗೆ, ತರಿಸಬೇಕಾದ ಚಾರ್ಜರಿಗಲ್ಲ.

ಇದರಿಂದ ನಾವು ಬದಲಿಸಿಕೊಂಡದ್ದು

ನಮ್ಮಲ್ಲಿಗೆ ಬರುವ ಇಂಪ್ಲಾಂಟ್ ಮಕ್ಕಳ ಶಾಲೆಗಳಿಗೆ ಆರು ಧ್ವನಿಯ ಪರೀಕ್ಷೆಯನ್ನು ಊಟದ ನಂತರವೂ ಮಾಡಲು ಹೇಳುತ್ತೇವೆ. ಬೆಳಗಿನ ಪರೀಕ್ಷೆ ರಾತ್ರಿ ತುಂಬಿದ ಬ್ಯಾಟರಿಯನ್ನು ನೋಡುತ್ತದೆ, ಸವೆದ ಬ್ಯಾಟರಿ ಸಿಕ್ಕಿಬೀಳುವುದು ಮಧ್ಯಾಹ್ನ. ಪಾಲಕರು ಬಂದಾಗ ಕಿಟ್ಟಿನ ಪೆಟ್ಟಿಗೆ ತರಿಸಿ, ಬಳಸಿ ಬಿಸಾಡುವ ಬ್ಯಾಟರಿಯ ಹೋಲ್ಡರ್ ಇದೆಯೇ, ಅದಕ್ಕೆ ಯಾವ 675 ಬೇಕು ಎಂದು ಕೈಯಾರೆ ತೋರಿಸುತ್ತೇವೆ. ಬ್ಯಾಟರಿಗೆ ಗುರುತು ಹಾಕಿಸುತ್ತೇವೆ.

ಯೋಜನೆ ರೂಪಿಸುವವರಿಗೂ ಒಂದು ಮಾತು ಹೇಳಬೇಕೆನಿಸುತ್ತದೆ. ಲಕ್ಷಗಟ್ಟಲೆ ಖರ್ಚಿನ ಶಸ್ತ್ರಚಿಕಿತ್ಸೆಯ ಫಲ ಕೆಲವು ಸಾವಿರದ ಬಿಡಿಭಾಗಕ್ಕೆ ಜೋತುಬಿದ್ದಿರುತ್ತದೆ. ವಾರಂಟಿ ಮುಗಿಯುವ ವರ್ಷವೇ ಒಂದು ಬದಲಿ ಚಾರ್ಜರ್, ಒಂದು ಜೋಡಿ ಬ್ಯಾಟರಿ ಕೊಡುವ ಪದ್ಧತಿ ಬಂದರೆ ಪಂಚಾಯಿತಿ ಕಟ್ಟೆಯಲ್ಲಿ ಮಗುವನ್ನು ಕೂಗಿ ತೋರಿಸಬೇಕಾಗಿ ಬರುವುದಿಲ್ಲ. ಜಿಲ್ಲಾ ಆಸ್ಪತ್ರೆಯ ಶೀಘ್ರ ಪತ್ತೆ ಕೇಂದ್ರದಲ್ಲಿ ಬಳಕೆಯಲ್ಲಿರುವ ಪ್ರತಿ ಮಾದರಿಯ ಒಂದೊಂದು ಸುಸ್ಥಿತಿಯ ಚಾರ್ಜರ್ ಇಟ್ಟರೂ ಸಾಕು, ಪರೀಕ್ಷೆಗೆ ಬೆಳಗಾವಿಗೆ ಹೋಗಬೇಕಾಗುವುದಿಲ್ಲ.

ಸ ಈಗ ಐದನೇ ತರಗತಿ. ಬ್ಯಾಟರಿ ನಿಂತರೆ ಕೈಯೆತ್ತಿ ಹೇಳುತ್ತಾಳೆ, ಬದಲಿ ಬ್ಯಾಟರಿ ಅವಳ ಕಂಪಾಸ್ ಪೆಟ್ಟಿಗೆಯಲ್ಲೇ ಇರುತ್ತದೆ. ಅವಳ ಪ್ರೊಸೆಸರ್ ಮಾದರಿ ಹಳೆಯದಾಗುತ್ತಿದೆ. ಇದಕ್ಕೆ ಬಿಡಿಭಾಗ ಇನ್ನೆಷ್ಟು ವರ್ಷ ಸಿಗುತ್ತದೆ ಎಂದು ಕಂಪನಿಯಿಂದ ಬರವಣಿಗೆಯಲ್ಲಿ ಕೇಳಿದ್ದೇವೆ, ಉತ್ತರ ಬರಬೇಕಿದೆ. ಬಂದ ಮೇಲೆ ಪ್ರೊಸೆಸರ್ ಬದಲಾವಣೆಗೆ ಅರ್ಜಿ ಹಾಕುವ ವಿಚಾರ. ಅದಕ್ಕೆ ಬೇಕಾದ ಕಾಗದಗಳನ್ನೆಲ್ಲ ತಾಯಿ ಅದೇ ಕಿಟ್ಟಿನ ಪೆಟ್ಟಿಗೆಯಲ್ಲಿ ಜೋಡಿಸಿಟ್ಟಿದ್ದಾರೆ.